ಉಳಿದ ಎಂಬತ್ತು ಪಾಲಿನ ಲೆಕ್ಕ: ಪುಣೆಯ ಕನ್ನಡಿಗರಿಗೊಂದು ಬಹಿರಂಗ ಪತ್ರ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗ ಬಂಧುಗಳಿಗೆ,

ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವವರಿಗೆ, ಊರ ತುಂಬ ಹೋಟೆಲು ನಡೆಸುವ ಕರಾವಳಿಯ ಅಣ್ಣಂದಿರಿಗೆ, ಅಫಜಲಪುರ, ಇಂಡಿ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಪತ್ರಾಸ್ ಶೆಡ್ಡುಗಳಲ್ಲಿರುವ ಅಕ್ಕತಮ್ಮಂದಿರಿಗೆ, ಕನ್ನಡ ಸಂಘದ ಹಿರಿಯರಿಗೆ, ಎಲ್ಲರಿಗೂ ಸೇರಿಸಿಯೇ ಈ ಪತ್ರ. ವಿಷಯ ನೀರಿನದು. ಗಡಿಯದ್ದಲ್ಲ, ಬಾವುಟದ್ದೂ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮತ್ತೆ ಬೆಳಗಾವಿಯ ಮಾತು ಬಂತೆಂದು ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಓದು ನಿಲ್ಲಿಸುತ್ತೀರಿ.

ಬೆಳಿಗ್ಗೆ ನಮ್ಮ ನಲ್ಲಿಗೆ ಬರುವ ನೀರಿನಲ್ಲಿ ಹೆಚ್ಚಿನಂಶ ಖಡಕವಾಸಲಾ, ಪಾನಶೇತ, ವರಸಗಾಂವ್, ಟೇಮಘರ್ ಎಂಬ ನಾಲ್ಕು ಅಣೆಕಟ್ಟುಗಳದ್ದು. ನಾಲ್ಕೂ ತುಂಬಿದರೆ ಸುಮಾರು 29 ಟಿಎಂಸಿ. ಸ್ನಾನ, ಪಾತ್ರೆ, ಬಟ್ಟೆ, ಸಂಡಾಸು ಎಲ್ಲ ಮುಗಿದ ಮೇಲೆ ಆ ನೀರು ಮೋರಿ ಹಿಡಿದು ಮುಠಾ ನದಿಗೆ ಹೋಗುತ್ತದೆ. ಸಂಗಮದಲ್ಲಿ ಮುಳಾ ಬಂದು ಸೇರುತ್ತದೆ. ಅದಕ್ಕೂ ಮೊದಲೇ ದಾಪೋಡಿಯ ಹತ್ತಿರ ಪವನಾ ನದಿ ಪಿಂಪ್ರಿ-ಚಿಂಚವಡದ್ದನ್ನೆಲ್ಲ ಹೊತ್ತು ಮುಳೆಗೆ ಸುರಿದಿರುತ್ತದೆ. ಬಂಡ್ ಗಾರ್ಡನ್ ದಾಟಿದ ಮುಳಾ-ಮುಠಾ ದೌಂಡ್ ತಾಲ್ಲೂಕಿನಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಉಜನಿ ಜಲಾಶಯದಲ್ಲಿ ನಿಂತು, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಅಲ್ಲಿಂದ ಕೆಳಗೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಬರುತ್ತದೆ. ನಮ್ಮ ಕಡೆ ಅದು ಭೀಮಾ ಹೊಳಿ. ಸಿನಿಮಾ ಪೋಸ್ಟರುಗಳ ದೆಸೆಯಿಂದ ಭೀಮಾತೀರವೆಂದರೆ ಹಂತಕರು ಮಾತ್ರ ಅಂದುಕೊಂಡವರಿದ್ದಾರೆ. ಆ ತೀರದಲ್ಲಿ ಸನ್ನತಿಯ ಅಶೋಕನ ಶಾಸನವಿದೆ, ಗಾಣಗಾಪುರದ ದತ್ತನಿದ್ದಾನೆ, ಕಲಬುರಗಿ ನಗರಕ್ಕೆ ಕುಡಿಯುವ ನೀರೆತ್ತುವ ಸರಡಗಿಯ ಬ್ಯಾರೇಜಿದೆ.

ಗಾಣಗಾಪುರದ ಸಂಗಮದಲ್ಲಿ ಗುರುವಾರ ನಿಂತು ನೋಡಿ. ಅರ್ಧಕ್ಕರ್ಧ ಮಂದಿ ಮರಾಠಿ ಮಾತಾಡುತ್ತಾರೆ. ಎಂಎಚ್-12 ನಂಬರಿನ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಪುಣೆಯಿಂದ ಬಂದ ಭಕ್ತರು ಭೀಮಾ-ಅಮರಜಾ ಕೂಡುವಲ್ಲಿ ಮೂರು ಮುಳುಗು ಹಾಕಿ, ಬಾಟಲಿಯಲ್ಲಿ ತೀರ್ಥ ತುಂಬಿಕೊಂಡು ಹೋಗುತ್ತಾರೆ. ತಾವು ಮನೆಯ ಬಚ್ಚಲಲ್ಲಿ ಬಿಟ್ಟ ನೀರಿನ ಒಂದಂಶ ಆ ಬಾಟಲಿಯಲ್ಲಿ ತಮ್ಮ ಮನೆಗೇ ವಾಪಸು ಬರುತ್ತಿದೆ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಕೃಷ್ಣಾ ಜಲವಿವಾದಕ್ಕೆ ಮೊದಲ ನ್ಯಾಯಮಂಡಳಿ ರಚನೆಯಾದದ್ದು 1969ರಲ್ಲಿ. ನ್ಯಾಯಮೂರ್ತಿ ಆರ್. ಎಸ್. ಬಚಾವತ್ ಅಧ್ಯಕ್ಷರು. 1973ರ ಡಿಸೆಂಬರಿನಲ್ಲಿ ತೀರ್ಪು ಬಂತು, 1976ರ ಮೇ ತಿಂಗಳಲ್ಲಿ ಅಂತಿಮ ರೂಪದಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ. ಈ ಮೂರು ಅಂಕಿಗಳನ್ನು ನಮ್ಮ ಕಡೆಯ ರಾಜಕಾರಣಿಗಳು ನಿದ್ದೆಯಲ್ಲೂ ಹೇಳುತ್ತಾರೆ. ಅದೇ ತೀರ್ಪಿನ ಇನ್ನೊಂದು ಅಂಕಿಯನ್ನು ಯಾರ ಭಾಷಣದಲ್ಲೂ ನಾನು ಕೇಳಿಲ್ಲ. ಬಳಕೆಯನ್ನು ಅಳೆಯುವುದು ಹೇಗೆ ಎಂದು ಹೇಳುವ ಕಲಮಿನಲ್ಲಿ ಅದಿದೆ: ಊರುಗಳ ಗೃಹಬಳಕೆಗೆ ನದಿಯಿಂದಲೋ ಜಲಾಶಯದಿಂದಲೋ ಎತ್ತಿದ ನೀರಿನಲ್ಲಿ ಶೇ. 20ರಷ್ಟನ್ನು ಮಾತ್ರ ಬಳಕೆ ಎಂದು ಲೆಕ್ಕ ಹಿಡಿಯತಕ್ಕದ್ದು. ಕೈಗಾರಿಕೆಗೆ ಇನ್ನೂ ಕಡಿಮೆ, ಶೇ. 2.5.

ಯಾಕೆ ಹೀಗೆ? ಊರು ಕುಡಿದ ನೀರು ಬತ್ತಿಹೋಗುವುದಿಲ್ಲ, ಬಹುಪಾಲು ಮತ್ತೆ ಹೊಳೆಗೇ ಬಂದು ಬೀಳುತ್ತದೆ, ಕೆಳಗಿನವರಿಗೆ ಸಿಗುತ್ತದೆ ಎಂಬ ತಿಳಿವಳಿಕೆಯ ಮೇಲೆ. ತಪ್ಪೇನಿಲ್ಲ. ಉದಾಹರಣೆಗೆ ಪುಣೆ ವರ್ಷಕ್ಕೆ 15 ಟಿಎಂಸಿ ಎತ್ತಿತು ಅನ್ನಿ; ಮಹಾರಾಷ್ಟ್ರದ ಖಾತೆಗೆ ಖರ್ಚು ಬೀಳುವುದು 3 ಟಿಎಂಸಿ. ಉಳಿದ 12 ಟಿಎಂಸಿ ಹೊಳೆಗೆ ಮರಳಿದೆ ಎಂದೇ ಲೆಕ್ಕ. ಮರಳಿದ್ದು ಯಾವ ಸ್ಥಿತಿಯಲ್ಲಿ ಎಂದು ಆ ಕಲಮು ಕೇಳುವುದಿಲ್ಲ. ಪಕ್ಕದ ಮನೆಯವರು ಕಡ ಒಯ್ದ ಒಂದು ಸೇರು ಜೋಳವನ್ನು ನುಸಿ ಹಿಡಿಸಿ ತಂದು ಅಳೆದು ಕೊಟ್ಟರೆ, ಅಳತೆ ಸರಿಯಿದೆಯಲ್ಲ ಅನ್ನಲಾದೀತೇ? ಐವತ್ತು ವರ್ಷದಿಂದ ಎರಡೂ ಸರಕಾರಗಳು ಹಾಗೆಯೇ ಅನ್ನುತ್ತಿವೆ. ಒಂದು ಕೊಡುವಾಗ, ಇನ್ನೊಂದು ತೆಗೆದುಕೊಳ್ಳುವಾಗ.

ಎರಡನೆಯ ನ್ಯಾಯಮಂಡಳಿ, ನ್ಯಾಯಮೂರ್ತಿ ಬ್ರಿಜೇಶ್ ಕುಮಾರರದ್ದು, 2010ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟಿನ 2011ರ ತಡೆಯಾಜ್ಞೆಯಿಂದ ಅದು ರಾಜಪತ್ರದ ಮುಖ ಕಂಡಿಲ್ಲ. ಆಲಮಟ್ಟಿಯ 524.256 ಮೀಟರ್ ಎತ್ತರದ ಮಾತೆಲ್ಲ ಅದರೊಳಗಿನದು. ಅದರ ಗಲಾಟೆಯಲ್ಲಿ ಭೀಮೆಯ ಮಾತು ಎತ್ತುವವರೇ ಇಲ್ಲ.

ಬೇಸಿಗೆ ಬಂದಾಗ ಮಾತ್ರ ಭೀಮೆಯ ನೆನಪಾಗುತ್ತದೆ. 2023ರ ಮೇ ಕೊನೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಏಕನಾಥ ಶಿಂದೆಯವರಿಗೆ ಪತ್ರ ಬರೆದು, ವಾರಣಾ-ಕೊಯ್ನಾದಿಂದ ಕೃಷ್ಣೆಗೆ 2 ಟಿಎಂಸಿ, ಉಜನಿಯಿಂದ ಭೀಮೆಗೆ 3 ಟಿಎಂಸಿ ಬಿಡಿ ಎಂದು ಕೇಳಿಕೊಂಡರು. ಪಕ್ಷ ಯಾವುದೇ ಇರಲಿ, ಬೇಸಿಗೆಯ ಇಂಥ ಪತ್ರಗಳ ಧಾಟಿ ಒಂದೇ: ದಯವಿಟ್ಟು, ಮಾನವೀಯತೆಯ ದೃಷ್ಟಿಯಿಂದ. ಬಚಾವತ್ ತೀರ್ಪು ಹೇಳುವುದು ವರ್ಷದ ಒಟ್ಟು ಲೆಕ್ಕ; ಯಾವ ತಿಂಗಳು ಎಷ್ಟು ಬಿಡಬೇಕೆಂದು ಹೇಳದ್ದರಿಂದ ದಯೆಯನ್ನೇ ಕೇಳಬೇಕಾಗಿದೆ. ಆದರೆ ಊರಿಂದ ಹೊಳೆಗೆ ಮರಳುವ ನೀರು ದಯೆಯದ್ದಲ್ಲ. ಅದನ್ನು ಲೆಕ್ಕದಲ್ಲಿ ಆಗಲೇ ನಮಗೆ ಜಮಾ ಮಾಡಿದ್ದಾರೆ.

ಪುಣೆಯಲ್ಲಿ ಮುಳಾ-ಮುಠಾ ಶುದ್ಧೀಕರಣದ ದೊಡ್ಡ ಯೋಜನೆಯೊಂದಿದೆ. ಜಪಾನಿನ ಜೈಕಾ ಸಂಸ್ಥೆಯ ಸಾಲ, ಮಂಜೂರಾದಾಗ 990.26 ಕೋಟಿ ರೂಪಾಯಿಯ ಅಂದಾಜು, 11 ಹೊಸ ಕೊಳಚೆ ಶುದ್ಧೀಕರಣ ಘಟಕಗಳು, ದಿನಕ್ಕೆ 396 ದಶಲಕ್ಷ ಲೀಟರ್ ಸಾಮರ್ಥ್ಯ. ಸಾಲದ ಒಪ್ಪಂದವಾದದ್ದು 2016ರ ಜನವರಿಯಲ್ಲಿ. 2022ರ ಹೊತ್ತಿಗೆ ಎಲ್ಲ ಮುಗಿಯಬೇಕಿತ್ತು, ಮುಗಿಯಲಿಲ್ಲ. ಈ 396ನ್ನು ವರ್ಷಕ್ಕೆ ಗುಣಿಸಿದರೆ ಸುಮಾರು 5 ಟಿಎಂಸಿ ಆಗುತ್ತದೆ. ನಮ್ಮ ಮುಖ್ಯಮಂತ್ರಿ ಉಜನಿಯಿಂದ ಕೈಯೊಡ್ಡಿ ಕೇಳಿದ್ದು 3! ಶುದ್ಧವಾದದ್ದೆಲ್ಲ ಕರ್ನಾಟಕದ ತನಕ ಹರಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಮುಂಢವಾದಲ್ಲಿ ಒಂದಿಷ್ಟನ್ನು ಎತ್ತಿ ಹಳೆಯ ಕಾಲುವೆಗೆ, ಹವೇಲಿ, ದೌಂಡ್ ರೈತರ ಹೊಲಗಳಿಗೆ ಕೊಡುತ್ತಾರೆ. ಉಜನಿ ಮತ್ತೊಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೂ ಒಂದು ಊರಿನ ಮೋರಿಯ ಲೆಕ್ಕ ಎರಡು ರಾಜ್ಯಗಳ ಮುಖ್ಯಮಂತ್ರಿಗಳ ಪತ್ರವ್ಯವಹಾರಕ್ಕಿಂತ ದೊಡ್ಡದು ಎಂಬುದು ಎದ್ದು ಕಾಣುತ್ತದೆ.

ಇದನ್ನೆಲ್ಲ ಕೇಳಬೇಕಾದವರು ಯಾರು? ನಮ್ಮ ಕಾನೂನಿನ ಪ್ರಕಾರ ಸರಕಾರಗಳು. ಸಂವಿಧಾನದ 262ನೆಯ ವಿಧಿ, ಅದರಡಿ ಬಂದ 1956ರ ಅಂತರರಾಜ್ಯ ಜಲವಿವಾದ ಕಾಯ್ದೆ, ಇವು ನ್ಯಾಯಮಂಡಳಿಯ ಬಾಗಿಲನ್ನು ರಾಜ್ಯ ಸರಕಾರಗಳಿಗೆ ಮಾತ್ರ ತೆರೆದಿಟ್ಟಿವೆ. ನದಿಯ ದಂಡೆಯಲ್ಲಿ ಹುಟ್ಟಿ ಬೆಳೆದ ರೈತನಾಗಲಿ, ಆ ನೀರನ್ನೇ ಕುಡಿಯುವ ಹೆಣ್ಣುಮಗಳಾಗಲಿ ಅಲ್ಲಿ ಅರ್ಜಿದಾರರಾಗುವಂತಿಲ್ಲ. ಒಪ್ಪಂದ ಮಾಡಿಕೊಂಡವರೂ ಸರಕಾರ, ಮುರಿದವರೂ ಸರಕಾರ, ದೂರು ಕೊಡಬೇಕಾದವರೂ ಸರಕಾರ. ಎರಡು ಸರಕಾರಗಳಿಗೂ ಸುಮ್ಮನಿರುವುದೇ ಅನುಕೂಲವೆನಿಸಿದರೆ ಕತೆ ಅಲ್ಲಿಗೇ ಮುಗಿಯಿತು.

ಬೇರೆ ಕಡೆ ಹೀಗೇ ಇರಬೇಕೆಂದಿಲ್ಲ. ಬಡದೇಶಗಳೆಂದು ನಾವು ಬೆರಳು ತೋರಿಸುವ ಆಫ್ರಿಕಾದಲ್ಲಿ ಈ ವಿಷಯ ನಮಗಿಂತ ಮುಂದೆ ಹೋಗಿದೆ. ಕೀನ್ಯಾ, ಉಗಾಂಡಾ, ತಾಂಜಾನಿಯಾ ಮೊದಲಾದ ದೇಶಗಳು ಪೂರ್ವ ಆಫ್ರಿಕಾ ಸಮುದಾಯವೆಂದು ಒಂದು ಒಪ್ಪಂದಕ್ಕೆ ಸೇರಿವೆ. ಅದಕ್ಕೊಂದು ನ್ಯಾಯಾಲಯ, ಅರುಷಾ ಪಟ್ಟಣದಲ್ಲಿ. ಆ ದೇಶಗಳ ಯಾವ ನಿವಾಸಿಯಾದರೂ ನೇರವಾಗಿ ಅಲ್ಲಿಗೆ ಹೋಗಿ, ಇಂಥ ಸರಕಾರ ಒಪ್ಪಂದ ಮುರಿದಿದೆ ಎಂದು ದಾವೆ ಹೂಡಬಹುದು. ಎರಡು ತಿಂಗಳೊಳಗೆ ಹೂಡಬೇಕು, ಅಷ್ಟೇ. ತಾಂಜಾನಿಯಾ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ನಡುವೆ ಡಾಂಬರು ರಸ್ತೆ ಹಾಕಹೊರಟಾಗ ಕೀನ್ಯಾದ ಒಂದು ಪ್ರಾಣಿದಯಾ ಸಂಘಟನೆ 2010ರಲ್ಲಿ ಅಲ್ಲಿಗೆ ಹೋಯಿತು. ಆ ರಸ್ತೆ ಒಪ್ಪಂದಕ್ಕೆ ವಿರುದ್ಧವೆಂದು 2014ರಲ್ಲಿ ನ್ಯಾಯಾಲಯ ಹೇಳಿತು. ಗಮನಿಸಿ: ದಾವೆ ಹಾಕಿದವರು ಪಕ್ಕದ ದೇಶದವರು. ಪಶ್ಚಿಮ ಆಫ್ರಿಕಾದ ಇಕೋವಾಸ್ ನ್ಯಾಯಾಲಯವಂತೂ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ನೈಜರ್ ನದೀಮುಖದ ನೀರು, ನೆಲ ಕಚ್ಚಾ ಎಣ್ಣೆಯಿಂದ ಹಾಳಾದದ್ದಕ್ಕೆ ನೈಜೀರಿಯಾದ ಒಂದು ನಾಗರಿಕ ಸಂಘಟನೆ ತನ್ನದೇ ಸರಕಾರವನ್ನು ಅಲ್ಲಿಗೆ ಎಳೆಯಿತು. ತಡೆಯುವುದು ಸರಕಾರದ ಕರ್ತವ್ಯವಾಗಿತ್ತು, ತಡೆಯಲಿಲ್ಲ ಎಂದು 2012ರ ಡಿಸೆಂಬರಿನಲ್ಲಿ ತೀರ್ಪಾಯಿತು.

ಅಲ್ಲೆಲ್ಲ ರಾಮರಾಜ್ಯ ಎಂದಲ್ಲ. ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳ ಸಾಡೆಕ್ ನ್ಯಾಯಮಂಡಳಿಗೂ ಪ್ರಜೆಗಳು ಹೋಗಬಹುದಿತ್ತು. ಜಿಂಬಾಬ್ವೆಯ ಬಿಳಿಯ ರೈತ ಮೈಕ್ ಕ್ಯಾಂಪ್‌ಬೆಲ್ 2008ರಲ್ಲಿ ತನ್ನ ಸರಕಾರದ ಮೇಲೆ ಗೆದ್ದ. ಅಲ್ಲಿನ ಅಧ್ಯಕ್ಷ ಮುಗಾಬೆ ತೀರ್ಪನ್ನು ಒಪ್ಪಲಿಲ್ಲ. 2010ರಲ್ಲಿ ಆ ದೇಶಗಳ ಮುಖ್ಯಸ್ಥರೆಲ್ಲ ಕೂಡಿ ನ್ಯಾಯಮಂಡಳಿಯ ಕೆಲಸವನ್ನೇ ನಿಲ್ಲಿಸಿದರು. ಮುಂದೆ ತೆರೆದರೂ ದೇಶ-ದೇಶಗಳ ವ್ಯಾಜ್ಯ ಮಾತ್ರ ನಡೆಯಬೇಕು, ಪ್ರಜೆಗಳಿಗೆ ಪ್ರವೇಶವಿಲ್ಲ ಎಂದು 2012ರಲ್ಲಿ ತೀರ್ಮಾನಿಸಿದರು. ನಮ್ಮ 1956ರ ಕಾಯ್ದೆ ಯಾವ ಜಾಗದಲ್ಲಿ ನಿಂತಿದೆಯೋ ಅಲ್ಲಿಗೇ ಅವರೂ ಬಂದು ನಿಂತಂತಾಯಿತು. ಆದರೆ ದಕ್ಷಿಣ ಆಫ್ರಿಕಾದ ವಕೀಲರ ಸಂಘ ಸುಮ್ಮನೆ ಕೂರಲಿಲ್ಲ. ನಮ್ಮ ಹಕ್ಕನ್ನು ಕಿತ್ತುಕೊಳ್ಳುವ ಕಾಗದಕ್ಕೆ ಅಧ್ಯಕ್ಷ ಜುಮಾ ಸಹಿ ಹಾಕಿದ್ದು ಹೇಗೆ ಎಂದು ತಮ್ಮ ದೇಶದ ಕೋರ್ಟಿನಲ್ಲೇ ಕೇಳಿತು. ಸಹಿ ಸಂವಿಧಾನಕ್ಕೆ ವಿರುದ್ಧ, ವಾಪಸು ತೆಗೆದುಕೊಳ್ಳಿ ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2018ರ ಡಿಸೆಂಬರಿನಲ್ಲಿ ಆದೇಶಿಸಿತು. ದೊಡ್ಡ ಬಾಗಿಲು ಮುಚ್ಚಿದಾಗ ಅವರು ಮನೆಯ ಹತ್ತಿರದ ಬಾಗಿಲು ತಟ್ಟಿದರು. ನಮಗೆ ಬೇಕಾದ ಪಾಠ ಇದು.

ನಮ್ಮ ಹತ್ತಿರದ ಬಾಗಿಲು ಪುಣೆಯಲ್ಲೇ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ವಲಯದ ಪೀಠ ಇರುವುದು ಇಲ್ಲಿ. ಅಲ್ಲಿ ರಾಜ್ಯವೇ ಬರಬೇಕೆಂದಿಲ್ಲ, ನೊಂದವರು ಯಾರೂ ಬರಬಹುದು. ಪರಿಹಾರ ಕೇಳದ ಅರ್ಜಿಗೆ ಸಾವಿರ ರೂಪಾಯಿ ಶುಲ್ಕ. ವ್ಯಾಜ್ಯದ ಕಾರಣ ಮೂಡಿದ ಆರು ತಿಂಗಳೊಳಗೆ ಹೋಗಬೇಕು. ಸಕಾರಣವಿದ್ದರೆ ಇನ್ನೂ ಅರವತ್ತು ದಿನ ಸಿಗುತ್ತದೆ. ಕರ್ನಾಟಕ ಬರುವುದು ಚೆನ್ನೈ ಪೀಠದ ವ್ಯಾಪ್ತಿಗೆ. ಭೀಮೆಯ ದಂಡೆಯ ಘತ್ತರಗಿಯ ರೈತನಿಗೆ ಚೆನ್ನೈ ಎಷ್ಟು ದೂರ, ಅಲ್ಲಿ ಪುಣೆಯ ಮೋರಿಯ ಬಗ್ಗೆ ಅವನು ಏನು ಸಾಬೀತು ಮಾಡಬಲ್ಲ? ಶುದ್ಧೀಕರಣ ಘಟಕದ ಗೇಟಿನ ಮುಂದೆ ದಿನಾ ಬೈಕಿನಲ್ಲಿ ಹೋಗುವವರು ನಾವು. ಇಲ್ಲಿ ತೆರಿಗೆ ಕಟ್ಟುವವರು, ಇಲ್ಲಿ ಮತ ಹಾಕುವವರು, ಊರಲ್ಲಿ ಅಪ್ಪ-ಅಮ್ಮನನ್ನು ಬಿಟ್ಟುಬಂದವರು. ಈ ಹೊಳೆಯ ಎರಡೂ ತುದಿ ಗೊತ್ತಿರುವ ಮಂದಿ ನಮ್ಮ ಹಾಗೆ ಇನ್ನೆಷ್ಟು ಜನ ಸಿಗುತ್ತಾರೆ?

ಕೋರ್ಟಿಗೆ ಮೊದಲು ಕಾಗದ ಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಸಾಕು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕತೆ ಹೇಳಬಾರದು, ಕೇಳಬೇಕಾದ್ದನ್ನಷ್ಟೇ ಕೇಳಬೇಕು. ಮಹಾನಗರ ಪಾಲಿಕೆಗೆ: ಇಂಥ ಘಟಕಕ್ಕೆ ಇಂಥ ತಿಂಗಳು ದಿನಾ ಎಷ್ಟು ಕೊಳಚೆ ಬಂತು, ಎಷ್ಟು ಶುದ್ಧವಾಗಿ ಹೊರಹೋಯಿತು, ಕರೆಂಟು ಹೋಗಿ ಘಟಕ ನಿಂತ ಹೊತ್ತು ಎಷ್ಟು. ಪ್ರಶ್ನೆಯ ಬಾಲದಲ್ಲಿರುವ ಆ ಕರೆಂಟಿನ ಮಾತನ್ನು ಬಿಡಬೇಡಿ. ಘಟಕ ಕಟ್ಟಿರುವುದು ಬೇರೆ, ಓಡುವುದು ಬೇರೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ: ನದಿಯ ಇಂಥ ಜಾಗದಲ್ಲಿ ತೆಗೆದ ನೀರಿನ ಮಾದರಿಯಲ್ಲಿ ಬಿಓಡಿ, ಅಂದರೆ ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆ, ಎಷ್ಟು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಕೇಂದ್ರ ಮಂಡಳಿಯೇ 2018ರಲ್ಲಿ ದೇಶದ 351 ಕಲುಷಿತ ನದಿಪಾತ್ರಗಳನ್ನು ಗುರುತಿಸಿದಾಗ ಅತಿ ಹೆಚ್ಚು, 53, ಮಹಾರಾಷ್ಟ್ರದಲ್ಲಿದ್ದವು; ಮುಳಾ, ಮುಠಾ, ಭೀಮಾ ಮೂರೂ ಆ ಪಟ್ಟಿಯಲ್ಲಿವೆ. ಅಂಕಿ ಹೊರಗೆ ಬರುವುದೇನೂ ಕಷ್ಟವಲ್ಲ. ಬಂದ ಅಂಕಿಯನ್ನು ಬಚಾವತ್ ಕಲಮಿನ ಪಕ್ಕ ಇಟ್ಟು ತೋರಿಸುವವರಿಲ್ಲ.

ಹೋಟೆಲಿನ ಅಣ್ಣಂದಿರಲ್ಲಿ ಒಂದು ಮಾತು. ನಿಮ್ಮ ಹಿಂಬಾಗಿಲಿನ ಪಾತ್ರೆ ತೊಳೆಯುವ ಕಟ್ಟೆಯಿಂದ ಇಳಿಯುವ ಎಣ್ಣೆ-ಜಿಡ್ಡು ಗಟಾರ ಕಟ್ಟಿಸುವುದಷ್ಟೇ ಅಲ್ಲ, ಶುದ್ಧೀಕರಣ ಘಟಕದಲ್ಲೂ ತೊಂದರೆ ಕೊಡುತ್ತದೆ. ಜಿಡ್ಡು ತಡೆಯುವ ತೊಟ್ಟಿ ಇಟ್ಟು, ಅದನ್ನು ವಾರಕ್ಕೊಮ್ಮೆಯಾದರೂ ಖಾಲಿ ಮಾಡಿಸುವವರು ನಿಮ್ಮಲ್ಲಿದ್ದಾರೆ. ಇಟ್ಟು ಮರೆತವರೂ ಇದ್ದಾರೆ. ಪಾಲಿಕೆಗೆ ಪ್ರಶ್ನೆ ಹಾಕಿದ ಮರುದಿನ ಇನ್‌ಸ್ಪೆಕ್ಟರು ನಿಮ್ಮ ಕಟ್ಟೆಯನ್ನೇ ನೋಡಲು ಬಂದಾರು. ಮೊದಲು ಅದನ್ನು ಸರಿಮಾಡಿಕೊಳ್ಳಿ.

ಕರ್ನಾಟಕದ ಕೈ ಶುದ್ಧವಿದೆ ಎಂದು ಮಾತ್ರ ಎಲ್ಲೂ ವಾದಿಸಬೇಡಿ, ನಗೆಪಾಟಲಾಗುತ್ತೀರಿ. ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಯಲ್ಲಿ ಹರಿದು ಹೊಸೂರಿನ ಕೆಲವರಪಲ್ಲಿ ಜಲಾಶಯದಲ್ಲಿ ನೊರೆಯ ಗುಡ್ಡವಾಗಿ ಏಳುತ್ತದೆ. ತಮಿಳುನಾಡಿನ ರೈತರು ಅದೇ ನೀರು ಹಾಯಿಸಬೇಕು. ಅಲ್ಲಿ ಮೇಲಿನವರು ನಾವು. ಭೀಮೆಯ ಒಡಲನ್ನೇ ಬಗೆದು ಮರಳು ಸಾಗಿಸಿದವರೂ ನಮ್ಮವರೇ. ಹಾಗೆಯೇ ಇದನ್ನು ಮರಾಠಿಗರ ಮೇಲಿನ ದೂರು ಮಾಡಿಕೊಂಡರೂ ಕೆಲಸ ಕೆಡುತ್ತದೆ. ಪುಣೆಯ ಹೊಲಸನ್ನು ನಮಗಿಂತ ಮೊದಲು ಉಣ್ಣುವವರು ದೌಂಡ್, ಇಂದಾಪುರದ ರೈತರು, ಭಿಗವಣದ ಮೀನುಗಾರರು, ಆಷಾಢದಲ್ಲಿ ಚಂದ್ರಭಾಗೆಯಲ್ಲಿ ಮೀಯುವ ವಾರಕರಿಗಳು. ಮಹಾರಾಷ್ಟ್ರ ಸರಕಾರ 2016ರಲ್ಲಿ ನಮಾಮಿ ಚಂದ್ರಭಾಗಾ ಎಂದು ಯೋಜನೆ ಘೋಷಿಸಿದ್ದು ಅವರಿಗಾಗಿಯೇ. ಆ ಮಾತು ಏನಾಯಿತು ಎಂದು ಕೇಳುವ ಹಕ್ಕು ಅವರಿಗೂ ಇದೆ, ನಮಗೂ ಇದೆ. ಅರ್ಜಿಯಲ್ಲಿ ಇಂದಾಪುರದ ಒಂದು ಸಹಿ, ಇಂಡಿಯ ಒಂದು ಸಹಿ ಅಕ್ಕಪಕ್ಕ ಇದ್ದರೆ ಅದನ್ನು ಭಾಷೆಯ ಜಗಳ ಎಂದು ತಳ್ಳಿಹಾಕಲು ಯಾವ ವಕೀಲನಿಗೂ ಆಗದು. ಅಷ್ಟಕ್ಕೂ ಈ ಹೊಳೆಯ ನೆತ್ತಿಯಲ್ಲಿ, ಮುಳಶಿಯಲ್ಲಿ, ಟಾಟಾ ಅಣೆಕಟ್ಟಿನ ವಿರುದ್ಧ 1921ರಲ್ಲಿ ಸತ್ಯಾಗ್ರಹ ಹೂಡಿದವರು ಮಾವಳದ ರೈತರು, ಸೇನಾಪತಿ ಬಾಪಟರು. ನೀರಿನ ವಿಷಯದಲ್ಲಿ ಸರಕಾರದ ಅಂಗಿ ಹಿಡಿದು ಕೇಳುವುದನ್ನು ಇಲ್ಲಿನವರಿಗೆ ನಾವು ಹೊಸದಾಗಿ ಕಲಿಸಬೇಕಾಗಿಲ್ಲ.

ಕೊನೆಗೆ ನಮ್ಮ ಸಂಘ-ಸಂಸ್ಥೆಗಳ ಹಿರಿಯರಿಗೆ. ರಾಜ್ಯೋತ್ಸವ ಬಂದರೆ ಬೆಂಗಳೂರಿನಿಂದ ಸಚಿವರನ್ನೋ ಶಾಸಕರನ್ನೋ ಕರೆಸುತ್ತೇವೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಮರಾಠಿ ನೆಲದಲ್ಲಿ ಕನ್ನಡ ಉಳಿಸಿದ್ದೀರಿ ಎಂಬ ಹೊಗಳಿಕೆ, ಊಟ. ಈ ಸಲ ಬರುವ ಅತಿಥಿಗೆ ಆಮಂತ್ರಣದ ಜೊತೆಗೇ ಎರಡು ಪ್ರಶ್ನೆ ಬರೆದು ಕಳಿಸಿ. ಭೀಮೆಗೆ ಮರಳುವ ನೀರಿನ ಗುಣಮಟ್ಟದ ಬಗ್ಗೆ ಕರ್ನಾಟಕ ಸರಕಾರ ಮಹಾರಾಷ್ಟ್ರಕ್ಕೆ ಈವರೆಗೆ ಯಾವ ಯಾವ ಪತ್ರ ಬರೆದಿದೆ, ಪ್ರತಿ ಕೊಡುತ್ತೀರಾ? ಹಸಿರು ನ್ಯಾಯಮಂಡಳಿಯಲ್ಲಿ ಪುಣೆಯ ಕನ್ನಡಿಗರು ಅರ್ಜಿ ಹಾಕಿದರೆ ನಿಮ್ಮ ಮಾಲಿನ್ಯ ನಿಯಂತ್ರಣ ಮಂಡಳಿ ಭೀಮೆಯ ಮಾದರಿಗಳ ದಾಖಲೆ ತಂದು ನಿಲ್ಲುತ್ತದೆಯಾ? ಉತ್ತರ ತರುವವರಿಗೆ ಪೇಟ ತೊಡಿಸೋಣ. ತರದವರಿಗೆ ಊಟ ಹಾಕಿ ಕಳಿಸೋಣ. ಅತಿಥಿಸತ್ಕಾರದಲ್ಲಿ ಕಡಿಮೆ ಮಾಡುವುದು ಬೇಡ.

ಮಾಹಿತಿ ಹಕ್ಕಿನ ಮೊದಲ ಅರ್ಜಿಯ ಕರಡನ್ನು ಮರಾಠಿಯಲ್ಲಿ ಬರೆದಿಟ್ಟಿದ್ದೇನೆ, 150 ಪದದೊಳಗೇ ಇದೆ. ನನಗಿಂತ ಚೆನ್ನಾಗಿ ಮರಾಠಿ ಬರೆಯುವವರು ತಿದ್ದಿಕೊಡಬೇಕು. ಎಂಜಿನಿಯರುಗಳು ಬಂದ ಅಂಕಿಗಳನ್ನು ಜೋಡಿಸಿಕೊಡಬೇಕು. ಗಾರೆ ಕೆಲಸದ ತಮ್ಮಂದಿರೇ, ಹೊಸ ಘಟಕಗಳ ಗೋಡೆ ಎಬ್ಬಿಸಿದವರು ನಿಮ್ಮಲ್ಲೇ ಇರಬಹುದು. ಯಾವುದರ ಕೆಲಸ ಎಲ್ಲಿಗೆ ಬಂದು ನಿಂತಿದೆ ಎಂದು ಕಡತಕ್ಕಿಂತ ಮೊದಲು ನಿಮಗೇ ಗೊತ್ತಿರುತ್ತದೆ. ಬಂದು ಹೇಳಿ.

ನಿಮ್ಮವ,
ಭೀಮಾ ಹೊಳಿಯ ದಂಡೆಯಿಂದ ಬಂದು ಮುಠಾ ದಂಡೆಯಲ್ಲಿ ನೆಲೆಸಿದವ
ಪುಣೆ